ಕಲ್ಲಿನೊಳಗಿನ ಇಂಗಾಲ, ನೆತ್ತಿಯ ಮೇಲಿನ ಬಿಸಿಲು

ಬನದ ಹುಣ್ಣಿಮೆಯ ಜಾತ್ರೆ ಹೊತ್ತಿಗೆ ನಡೆಯುವ ಪಲ್ಲೇದ ಹಬ್ಬದಲ್ಲಿ ಬಾದಾಮಿಯ ಬನಶಂಕರಿಗೆ 108 ಬಗೆಯ ಕಾಯಿಪಲ್ಲೆ ಅಡುಗೆಯ ನೈವೇದ್ಯ. ಬರಗಾಲದಲ್ಲಿ ತರಕಾರಿ ಕೊಟ್ಟು ಜನರನ್ನು ಉಳಿಸಿದ ಶಾಕಂಬರಿ ಅವಳು. ಆ ಪಲ್ಲೆಯನ್ನೆಲ್ಲ ಹಸಿರೆಲೆ ಕಟ್ಟಿದ್ದು ಇಂಗಾಲದ ಡೈಆಕ್ಸೈಡ್, ನೀರು, ಬಿಸಿಲುಗಳಿಂದ. ಎಲೆಯ ಈ ಕೆಲಸವನ್ನು ಒಂದು ಪುಡಿಯಿಂದ ಮಾಡಿಸಿ ಇಂಧನ ಪಡೆಯುವ ವಿಜ್ಞಾನ ಬಾಗಲಕೋಟೆ ಜಿಲ್ಲೆಗೆ ತುರ್ತಾಗಿ ಬೇಕು.

ಕಾರಣ ಸುಣ್ಣಕಲ್ಲು. ಇಲ್ಲಿನ ಸಿಮೆಂಟ್ ಕಾರ್ಖಾನೆಗಳ ಗೂಡಿನಲ್ಲಿ 100 ಕಿಲೋ ಶುದ್ಧ ಸುಣ್ಣಕಲ್ಲು ಸುಟ್ಟರೆ 44 ಕಿಲೋ ಇಂಗಾಲದ ಡೈಆಕ್ಸೈಡ್ ಕಲ್ಲಿನೊಳಗಿಂದಲೇ ಏಳುತ್ತದೆ. ಕಲ್ಲಿದ್ದಲು ಬಿಟ್ಟು ಸೌರವಿದ್ಯುತ್ತಿನಲ್ಲಿ ಗೂಡು ಕಾಯಿಸಿದರೂ ಅದು ತಪ್ಪದು.

ಈ ಅನಿಲವನ್ನು ಇಂಧನವಾಗಿಸುವ ಯತ್ನ ಹೊಸದಲ್ಲ. 1979ರಲ್ಲಿ ಜಪಾನಿನ ಇನೋಯೆ, ಫುಜಿಶಿಮಾ, ಹೊಂಡಾ ಮತ್ತವರ ಸಂಗಡಿಗರು ಟೈಟಾನಿಯಂ ಡೈಆಕ್ಸೈಡ್‌ನಂಥ ಪುಡಿಗಳನ್ನು ನೀರಿಗೆ ಬೆರೆಸಿ, ಇಂಗಾಲದ ಡೈಆಕ್ಸೈಡ್ ಹಾಯಿಸಿ ಬೆಳಕು ಬಿಟ್ಟಾಗ ಮೆಥನಾಲ್, ಮೀಥೇನ್ ಸಿಕ್ಕವು. ಬೆಳಕು ತಾಗಿದಾಗ ಪುಡಿಯೊಳಗಿನ ಎಲೆಕ್ಟ್ರಾನ್ ಜಿಗಿಯುತ್ತದೆ, ಅದಿದ್ದ ಜಾಗ ಖಾಲಿಯಾಗುತ್ತದೆ. ಕಷ್ಟವೆಂದರೆ, ಬಹುಪಾಲು ಎಲೆಕ್ಟ್ರಾನುಗಳು ಕೆಲಸ ಮುಟ್ಟುವ ಮೊದಲೇ ಖಾಲಿ ಜಾಗಕ್ಕೆ ಮರಳಿಬಿಡುತ್ತವೆ. ಮೆಥನಾಲಿನ ಒಂದು ಅಣುವಿಗೆ 6, ಮೀಥೇನಿಗೆ 8 ಎಲೆಕ್ಟ್ರಾನ್ ಬೇಕು. ಸಾಲದ್ದಕ್ಕೆ ಟೈಟಾನಿಯಂ ಡೈಆಕ್ಸೈಡ್ ಹಿಡಿಯುವುದು ನೇರಳಾತೀತ ಕಿರಣವನ್ನಷ್ಟೇ. ಬಿಸಿಲಿನಲ್ಲಿ ಅದರ ಪಾಲು ನೂರಕ್ಕೆ ಸುಮಾರು ಐದು.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ತಪಸ್ ಕುಮಾರ್ ಮಾಜಿ ಅವರ ತಂಡ ಎಲೆಕ್ಟ್ರಾನ್ ಮರಳುವ ಕಷ್ಟಕ್ಕೊಂದು ಸೊಗಸಾದ ಉಪಾಯ ಹೂಡಿತು. ಲೋಹ ಮತ್ತು ಸಾವಯವ ಅಣುಗಳಿಂದ ಹೆಣೆದ ಚೌಕಟ್ಟಿನ ಅತಿಸಣ್ಣ ರಂಧ್ರಗಳಲ್ಲಿ, ಬೆಳಕು ಹಿಡಿಯುವ ರುಥೇನಿಯಂ ಸಂಯುಕ್ತವನ್ನೂ ಅನಿಲವನ್ನು ಬದಲಿಸುವ ರೀನಿಯಂ ಸಂಯುಕ್ತವನ್ನೂ ಪಕ್ಕಪಕ್ಕದಲ್ಲೇ ಕೂರಿಸಿತು. ಇಷ್ಟು ಹತ್ತಿರವಿದ್ದರೆ ಎಲೆಕ್ಟ್ರಾನ್ ದಾರಿಯಲ್ಲಿ ಕಳೆದುಹೋಗುವುದು ಕಡಿಮೆ. ಅದೇ ಕೇಂದ್ರದ ಸೆಬಾಸ್ಟಿಯನ್ ಪೀಟರ್ ಮುನ್ನಡೆಸಿದ ‘ಬ್ರೀಥ್’ ತಂಡ ಇಂಗಾಲದ ಡೈಆಕ್ಸೈಡನ್ನು ಮೆಥನಾಲ್ ಮಾಡುವ ಕೆಲಸಕ್ಕಾಗಿ 2018ರಲ್ಲಿ ಕಾರ್ಬನ್ ಎಕ್ಸ್‌ಪ್ರೈಜ್ ಸ್ಪರ್ಧೆಯ ಅಂತಿಮ ಸುತ್ತಿನ 10 ತಂಡಗಳಲ್ಲೊಂದಾಯಿತು.

ಬೆಳಕಿನ ದಾರಿ ಇನ್ನೂ ದೂರವಿದೆ. ಒಂದು ಗ್ರಾಂ ಪುಡಿ ಗಂಟೆಗೆ 10 ಮೈಕ್ರೋಮೋಲ್ ಮೆಥನಾಲ್ ಕೊಟ್ಟಿತು ಎಂದರೆ ತೂಕದಲ್ಲಿ ಅದು 0.32 ಮಿಲಿಗ್ರಾಂ. ಸಿಮೆಂಟ್ ಚಿಮಣಿಯ ಹೊಗೆಯಲ್ಲಿ ದೂಳು, ಗಂಧಕದ ಅನಿಲವೂ ಬೆರೆತು ಪುಡಿಯನ್ನು ಕೆಡಿಸುತ್ತವೆ.

ಹಾಗಾಗಿ ಈ ವಿಜ್ಞಾನ ಮೊದಲು ಹೋಗಬೇಕಾದದ್ದು ಮುಧೋಳ ಸೀಮೆಯ ಸಕ್ಕರೆ ಕಾರ್ಖಾನೆಗಳ ಎಥನಾಲ್ ಘಟಕಗಳಿಗೆ. ಕಾಕಂಬಿ ಹುದುಗಿ ಒಂದು ಕಿಲೋ ಎಥನಾಲ್ ಆಗುವಾಗ ಹೆಚ್ಚುಕಡಿಮೆ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಅದೂ ಬಹುತೇಕ ಶುದ್ಧವಾಗಿ. ಜಕ್ಕೂರಿನ ಗಾಜಿನ ಪಾತ್ರೆಯ ಪ್ರಯೋಗ ಕಾಕಂಬಿ ಹುದುಗುವ ತೊಟ್ಟಿಗಳ ಪಕ್ಕಕ್ಕೆ, ನಮ್ಮ ಏಪ್ರಿಲ್ ಬಿಸಿಲಿಗೆ ಬರಲಿ. ಸಿಮೆಂಟ್ ಚಿಮಣಿಯ ಸರದಿ ಆಮೇಲೆ.