ಹುಬ್ಬಳ್ಳಿಯ ಮನೆ, ಹೆಗಲ ಮೇಲೆ ತಂಬೂರಿ: ಗಂಗೂಬಾಯಿ ಹಾನಗಲ್ ನೆನಪು

ಹಳೆಯ ಎಚ್.ಎಂ.ವಿ. ಗ್ರಾಮಫೋನ್ ಪ್ಲೇಟುಗಳನ್ನು ಜತನದಿಂದ ಕಾಪಾಡಿಕೊಂಡು ಬಂದ ಸಂಗೀತಪ್ರಿಯರಿಗೆ 'ಗಾಂಧಾರಿ' ಎಂಬ ಹೆಸರು ಹೊಸದಲ್ಲ. 1930ರ ದಶಕದಲ್ಲಿ ಹುಬ್ಬಳ್ಳಿಯಿಂದ ಮುಂಬಯಿಗೆ ಬಂದು ಹಾಡಿ ಹೋದ ಎಳೆಯ ದನಿ ಅದು. ತೆಳುವಾದ, ಮೇಲಿನ ಸ್ವರಗಳನ್ನು ಸಲೀಸಾಗಿ ಮುಟ್ಟಿ ಬರುವ ದನಿ. ಜಿ.ಎನ್. ಜೋಶಿಯವರ ಜೊತೆ ಆಕೆ ಹಾಡಿದ ಮರಾಠಿ ಯುಗಳ ಗೀತೆಯನ್ನು ಕೇಳಿಸಿ, ಇವರೇ ಗಂಗೂಬಾಯಿ ಹಾನಗಲ್ ಎಂದರೆ ಹೊಸಬರಿಗೆ ನಂಬಿಕೆಯೇ ಬರುವುದಿಲ್ಲ. ಮುಂದೆ ದೇಶವೆಲ್ಲ ತಲೆದೂಗಿದ್ದು ಆ ದನಿಗಲ್ಲ, ಗಂಡಸರ ದನಿಯಂತೆ ಗಂಭೀರವಾದ ಇನ್ನೊಂದು ದನಿಗೆ.

1971ರ ಪದ್ಮಭೂಷಣ, 1973ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2002ರ ಪದ್ಮವಿಭೂಷಣ, 2014ರಲ್ಲಿ ಬಂದ ಅಂಚೆ ಚೀಟಿ, ಮೈಸೂರಿನಲ್ಲಿ ಅವರ ಹೆಸರಿನ ವಿಶ್ವವಿದ್ಯಾನಿಲಯ. ಇವೆಲ್ಲ ಎಲ್ಲರಿಗೂ ತಿಳಿದ ಸಂಗತಿಗಳು, ಸಭೆಗಳಲ್ಲಿ ಪರಿಚಯ ಭಾಷಣ ಮಾಡುವವರಿಗೆ ಬಾಯಿಪಾಠವಾದಂಥವು. ಆದರೆ ಈ ಮಹಾಗಾಯಕಿ ಒಬ್ಬ ಗೃಹಿಣಿಯೂ ಆಗಿದ್ದರು, ಮೂರು ಮಕ್ಕಳ ತಾಯಿ, ಮೊಮ್ಮಕ್ಕಳ ಅಜ್ಜಿ, ಆ ದೊಡ್ಡ ಸಂಸಾರ ಬಹುಪಾಲು ಅವರ ಹಾಡಿನ ಸಂಭಾವನೆಯಿಂದಲೇ ನಡೆಯಿತು ಎಂಬುದು ಅಷ್ಟಾಗಿ ಪ್ರಸ್ತಾಪಕ್ಕೆ ಬರುವುದಿಲ್ಲ.

ಗಂಗೂಬಾಯಿ ಹುಟ್ಟಿದ್ದು 1913ರ ಮಾರ್ಚ್ 5ರಂದು, ಧಾರವಾಡದಲ್ಲಿ. ತಂದೆ ಚಿಕ್ಕೂರಾವ್ ನಾಡಿಗೇರ್, ತಾಯಿ ಅಂಬಾಬಾಯಿ. ಅಂಬಾಬಾಯಿ ಕರ್ನಾಟಕ ಸಂಗೀತದಲ್ಲಿ ನುರಿತವರು. ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಧಾರವಾಡಕ್ಕೆ ಬಂದಾಗ ಈ ಮನೆಗೆ ಬಂದು ಅವರ ಹಾಡು ಕೇಳುತ್ತಿದ್ದರೆಂದರೆ ಆ ವಿದ್ವತ್ತನ್ನು ಊಹಿಸಬಹುದು. ಆದರೆ ಹಾಡುವ ಹೆಂಗಸರ ಮನೆತನಕ್ಕೆ ಆ ಕಾಲದ ಊರು ಕೊಟ್ಟ ಮರ್ಯಾದೆ ಅಷ್ಟಕ್ಕಷ್ಟೇ. ಬಾಲ್ಯದಲ್ಲಿ ಶುಕ್ರವಾರಪೇಟೆಯ ಶ್ರೀಮಂತರೊಬ್ಬರ ತೋಟದಲ್ಲಿ ಮಾವಿನಕಾಯಿ ಕಿತ್ತು ಸಿಕ್ಕಿಬಿದ್ದ ಪ್ರಸಂಗವನ್ನು ಗಂಗೂಬಾಯಿ ಕೊನೆಯವರೆಗೂ ಹೇಳುತ್ತಿದ್ದರು. ತೋಟದವರಿಗೆ ಕಾಯಿ ಹೋದದ್ದಕ್ಕಿಂತ, ಹಾಡುವವಳ ಮಗಳು ತಮ್ಮ ತೋಟದೊಳಗೆ ಕಾಲಿಟ್ಟಳಲ್ಲ ಎಂಬುದೇ ಸಿಟ್ಟು. ಅಂಥವರೇ ಮುಂದೆ ತನ್ನನ್ನು ಊಟಕ್ಕೆ ಕರೆದರು ಎಂದು ಮಾತು ಮುಗಿಸುತ್ತಿದ್ದರಂತೆ.

1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಸ್ವಾಗತ ಗೀತೆ ಹಾಡಿದ ಬಾಲಕಿಯರಲ್ಲಿ ಗಂಗೂಬಾಯಿಯೂ ಇದ್ದರು. ಹನ್ನೊಂದರ ಆ ಹುಡುಗಿಗೆ ಹಾಡಿನ ಭಯವಿರಲಿಲ್ಲ. ಊಟದ ಹೊತ್ತಿಗೆ ತನ್ನನ್ನು ಬೇರೆ ಕೂರಿಸುತ್ತಾರೇನೋ, ಎಲೆ ಎತ್ತಲು ಹೇಳುತ್ತಾರೇನೋ ಎಂಬ ಭಯವಿತ್ತು.

ಮಗಳಿಗೆ ಹಿಂದೂಸ್ತಾನಿ ಸಂಗೀತದ ಒಲವು ಎಂದು ತಿಳಿದಾಗ ಅಂಬಾಬಾಯಿ ಮಾಡಿದ ಕೆಲಸ ಸಾಮಾನ್ಯವಲ್ಲ. 1928ರಲ್ಲಿ ಸಂಸಾರವನ್ನು ಹುಬ್ಬಳ್ಳಿಗೆ ತಂದರು. ತಮ್ಮ ಕರ್ನಾಟಕ ಶೈಲಿಯ ಛಾಯೆ ಮಗಳ ಗಾಯನದಲ್ಲಿ ಬೆರೆಯಬಾರದೆಂದು ತಾವೇ ಹಾಡುವುದನ್ನು ಬಿಟ್ಟರು. ಉಸ್ತಾದರೇ ಬಂದು ಕೇಳುತ್ತಿದ್ದ ಗಾಯಕಿ ಮಗಳಿಗಾಗಿ ಮೌನವಾದರು! ಗಂಗೂಬಾಯಿಯ ಕೀರ್ತಿಯ ಲೆಕ್ಕ ಬರೆಯುವವರು ಮೊದಲ ಸಾಲಿನಲ್ಲಿ ಬರೆಯಬೇಕಾದ ಬಂಡವಾಳ ಇದು. ಆ ತಾಯಿ ಮಗಳ ಏಳಿಗೆಯನ್ನು ಕಾಣಲು ಹೆಚ್ಚು ದಿನ ಉಳಿಯಲಿಲ್ಲ, 1932ರಲ್ಲಿ ತೀರಿಕೊಂಡರು.

ಅಷ್ಟರಲ್ಲಿ, 1929ರಲ್ಲಿ, ಹದಿನಾರರ ಗಂಗೂಬಾಯಿಯ ಬಾಳು ಗುರುರಾವ್ ಕೌಲಗಿಯವರೊಂದಿಗೆ ಕೂಡಿತ್ತು. ಗುರುರಾಯರು ಬ್ರಾಹ್ಮಣ ಕುಟುಂಬದವರು. ಸ್ವಜಾತಿಯಲ್ಲಿ ಅವರಿಗೆ ಇನ್ನೊಂದು ಸಂಸಾರವಿತ್ತು. ಈ ಸಂಬಂಧಕ್ಕೆ ಸಮಾಜ ಪೂರ್ತಿ ಮನ್ನಣೆ ಕೊಡಲಿಲ್ಲ ಎಂಬುದನ್ನು ಮುಚ್ಚಿಡುವಂಥದೇನಿಲ್ಲ, ಗಂಗೂಬಾಯಿಯವರೇ ಮುಚ್ಚಿಡಲಿಲ್ಲ. ಹೆಂಡತಿಯ ಹಾಡಿಗೆ ಗುರುರಾಯರು ಅಡ್ಡ ಬರಲಿಲ್ಲ, ಬೆನ್ನು ತಟ್ಟಿದರು. ಆದರೆ ಅವರು ಕೈಹಾಕಿದ ವ್ಯವಹಾರಗಳು ಕೈಗೂಡಲಿಲ್ಲ. ಹೀಗಾಗಿ ಗಂಗೂಬಾಯಿಗೆ ಕಛೇರಿಯೆಂದರೆ ಕಲೆಯೂ ಹೌದು, ಮನೆಯ ಖರ್ಚಿನ ದಾರಿಯೂ ಹೌದು. ಮುಂಬಯಿಯ ರೆಕಾರ್ಡಿಂಗ್, ಆಕಾಶವಾಣಿ, ಊರೂರಿನ ಬೈಠಕ್ ಎಂದು ತಿರುಗಿ ಮತ್ತೆ ಹುಬ್ಬಳ್ಳಿಯ ಒಲೆಯ ಮುಂದೆ ಬಂದು ನಿಲ್ಲಬೇಕಿತ್ತು. 1966ರಲ್ಲಿ ಗುರುರಾಯರು ತೀರಿಕೊಂಡರು. ಆಮೇಲಿನ ನಲವತ್ತಮೂರು ವರ್ಷ ಮನೆಯ ಹಿರಿತನ ಅವರದೇ.

ಅವರ ನಿಜವಾದ ಗುರುಕುಲ ಕುಂದಗೋಳ. ಮೊದಲು ಕೃಷ್ಣಾಚಾರ್ಯ ಹುಲಗೂರ, ದತ್ತೋಪಂತ ದೇಸಾಯಿ ಇವರಲ್ಲಿ ಪಾಠವಾಗಿತ್ತು. ಆದರೆ ಸವಾಯಿ ಗಂಧರ್ವರು ನಾಟಕ ಕಂಪನಿಯ ತಿರುಗಾಟ ಬಿಟ್ಟು ಕುಂದಗೋಳದಲ್ಲಿ ನೆಲೆಸಿದ ಮೇಲೆ, 1930ರ ದಶಕದ ಕೊನೆಯಲ್ಲಿ, ಸುಮಾರು ಮೂರು ವರ್ಷ ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಕಲಿತರು. ಮನೆಯಲ್ಲಿ ಚಿಕ್ಕ ಮಕ್ಕಳು, ಅಲ್ಲಿ ಮಹಾ ಶಿಸ್ತಿನ ಗುರು. ಒಂದೇ ಪಲಟಾವನ್ನು ಗಂಟೆಗಟ್ಟಲೆ, ದಿನಗಟ್ಟಲೆ ಹೇಳಿಸುತ್ತಿದ್ದರು. ಪಾಠ ಮುಗಿದು ರಾತ್ರಿಯಾದರೆ ಅವರನ್ನು ಸ್ಟೇಷನ್ನಿಗೆ ಮುಟ್ಟಿಸುವ ಕೆಲಸ ಗುರುವಿನ ಮನೆಯಲ್ಲೇ ಇದ್ದ ಹುಡುಗ ಭೀಮಸೇನನದು. ಭಾರತರತ್ನ ಪಡೆದ ಮೇಲೂ ಪಂಡಿತ ಭೀಮಸೇನ ಜೋಶಿಯವರಿಗೆ ಗಂಗೂಬಾಯಿ 'ಅಕ್ಕ'ನೇ. ಇನ್ನೊಬ್ಬ ಗುರುಬಂಧು ನಮ್ಮ ಮುಂಬಯಿಯ ಪಾರ್ಸಿ ಗಾಯಕ ಫಿರೋಜ್ ದಸ್ತೂರ್. ಒಬ್ಬರು ಮುಂಬಯಿಯಲ್ಲಿ, ಒಬ್ಬರು ಪುಣೆಯಲ್ಲಿ ನೆಲೆ ನಿಂತರೆ ಅಕ್ಕ ಮಾತ್ರ ಹುಬ್ಬಳ್ಳಿಯ ಮನೆ ಬಿಡಲಿಲ್ಲ. ಆದರೆ 1953ರಲ್ಲಿ ಭೀಮಸೇನರು ಗುರುವಿನ ಹೆಸರಿನಲ್ಲಿ ಪುಣೆಯಲ್ಲಿ ಆರಂಭಿಸಿದ ಉತ್ಸವಕ್ಕೆ ವರ್ಷ ವರ್ಷ ಬಂದು ಹಾಡಿದರು. ಪುಣೆ ಕನ್ನಡಿಗರಲ್ಲಿ ಆ ಚಳಿಗಾಲದ ರಾತ್ರಿಗಳಲ್ಲಿ ಶಾಲು ಹೊದ್ದು ಕುಳಿತು ಕೇಳಿದ ಹಿರಿಯರು ಇನ್ನೂ ಇದ್ದಾರೆ.

ಜಿಪುಣ ಹಣ ಖರ್ಚು ಮಾಡುವಂತೆ ಸ್ವರ ಖರ್ಚು ಮಾಡಬೇಕು, ಒಂದೊಂದನ್ನೇ, ಅದರ ಬೆಲೆ ಕೇಳುವವನಿಗೆ ತಿಳಿಯುವಂತೆ ಎಂಬುದು ಗುರು ಕಲಿಸಿದ ಪಾಠ ಎಂದು ಗಂಗೂಬಾಯಿ ಹೇಳುತ್ತಿದ್ದರು. ಕೌಂಟರಿನಲ್ಲಿ ಕುಳಿತು ನೋಟು ಎಣಿಸುವವರಿಗೆ ಈ ಹೋಲಿಕೆ ಬೇಗ ಅರ್ಥವಾದೀತು. ಭೀಮಪಲಾಸ್, ಪೂರಿಯಾ ಧನಾಶ್ರೀ, ಮಾರವಾ, ಯಾವ ರಾಗವಾದರೂ ಅವರಲ್ಲಿ ಅವಸರವೆಂಬುದೇ ಇರಲಿಲ್ಲ.

ದನಿ ಬದಲಾದದ್ದು ಗಂಟಲ ಬೇನೆ ಮತ್ತು ಚಿಕಿತ್ಸೆಯ ನಂತರ. ಹಾಡುವ ಹೆಣ್ಣಿಗೆ ಇದಕ್ಕಿಂತ ದೊಡ್ಡ ಆಘಾತವೇನಿದೆ? ಬೇರೆಯವರಾದರೆ ತಂಬೂರಿಯನ್ನು ಗೋಡೆಗೆ ಆನಿಸಿಬಿಡುತ್ತಿದ್ದರು. ಗಂಗೂಬಾಯಿ ಬಂದ ದನಿಯನ್ನೇ ಪಳಗಿಸಿಕೊಂಡರು. 1945ರ ಸುಮಾರಿಗೆ ಠುಮರಿಯಂಥ ಲಘು ಪ್ರಕಾರಗಳನ್ನು ಕೈಬಿಟ್ಟು ಖಯಾಲಿಗೇ ನಿಂತರು. ಹಾಸ್ಯಪ್ರಜ್ಞೆಯೂ ಹಾಗೆಯೇ. ಗಂಡಸು ಹಾಡಿದರೆ ಮುಸಲ್ಮಾನನಾದರೆ ಉಸ್ತಾದ್, ಹಿಂದುವಾದರೆ ಪಂಡಿತ, ಹೆಂಗಸು ಎಷ್ಟು ಹಾಡಿದರೂ ಬಾಯಿ ಬಾಯಿಯೇ ಎಂಬ ಅವರ ಮಾತಿಗೆ ನಕ್ಕವರು ಬಹಳ. ಉತ್ತರ ಕೊಟ್ಟವರು ಯಾರೂ ಇಲ್ಲ.

ಗಂಗೂಬಾಯಿಯ ವೇದಿಕೆಯೂ ಒಂದು ಮನೆಯೇ. ತಬಲಾದಲ್ಲಿ ಮನೆಯವರೇ ಆದ ಶೇಷಗಿರಿ ಹಾನಗಲ್, ಹಿಂದೆ ತಂಬೂರಿ ಹಿಡಿದು ಮಗಳು ಕೃಷ್ಣಾ. ಅಮ್ಮ ಬಿಟ್ಟಲ್ಲಿಂದ ಎತ್ತಿಕೊಂಡು, ಅಮ್ಮನಿಗೆ ಉಸಿರು ತೆಗೆದುಕೊಳ್ಳಲು ಎಡೆ ಮಾಡಿ, ಮತ್ತೆ ಹಿಂದೆ ಸರಿಯುವುದು ಕೃಷ್ಣಾ ಅವರ ರೀತಿ. ಸ್ವತಃ ಸಮರ್ಥ ಗಾಯಕಿಯಾದ ಕೃಷ್ಣಾ ಸ್ವಂತ ಹೆಸರು ಮಾಡಲು ಹೊರಡದೆ ಆಯುಷ್ಯವನ್ನೆಲ್ಲ ತಾಯಿಯ ಹಿಂದೆ ಕಳೆದರು. ಅಂಬಾಬಾಯಿ ಮಗಳಿಗಾಗಿ ಬಿಟ್ಟದ್ದನ್ನು ಮೊಮ್ಮಗಳು ತಾಯಿಗಾಗಿ ಬಿಟ್ಟರು ಎನ್ನಬೇಕು. ನಡುವೆ ಕುಳಿತು ಹಾಡಿದವರಿಗೆ ಇದರ ಅರಿವಿತ್ತು. 2004ರಲ್ಲಿ ಕ್ಯಾನ್ಸರಿನಿಂದ ಕೃಷ್ಣಾ ತೀರಿಕೊಂಡಾಗ ತೊಂಬತ್ತೊಂದರ ತಾಯಿಗೆ ಹೋದದ್ದು ಮಗಳೊಬ್ಬಳೇ ಅಲ್ಲ, ತನ್ನ ದನಿಯ ಅರ್ಧ. ಅದರ ಹಿಂದಿನ ವರ್ಷವಷ್ಟೇ ಮಜ್ಜೆಯ ಕ್ಯಾನ್ಸರನ್ನು ತಾವು ಗೆದ್ದು ಬಂದಿದ್ದರು. ಮಗಳ ಪಾಲಿಗೆ ಆ ಅದೃಷ್ಟ ಇರಲಿಲ್ಲ.

ಇಷ್ಟಾದರೂ 2006ರ ಮಾರ್ಚ್‌ನಲ್ಲಿ, ತಮ್ಮ ಗಾಯನಕ್ಕೆ ಎಪ್ಪತ್ತೈದು ವರ್ಷ ತುಂಬಿದ ಸಂದರ್ಭದಲ್ಲಿ, ಮತ್ತೊಮ್ಮೆ ವೇದಿಕೆ ಏರಿದರು. ಅದೇ ಕೊನೆಯ ಕಛೇರಿ. ಕೃಷ್ಣಾ ಕೂರುತ್ತಿದ್ದ ಜಾಗದಲ್ಲಿ ಕೃಷ್ಣಾ ಇಲ್ಲದ ಕಛೇರಿ.

ದೇಶಪಾಂಡೆ ನಗರದ 'ಗಂಗಾಲಹರಿ'ಯಲ್ಲಿ ಕೊನೆಯ ದಿನಗಳನ್ನು ಮಕ್ಕಳು ಮೊಮ್ಮಕ್ಕಳ ನಡುವೆ ಕಳೆದರು. ಐದನೆಯ ಇಯತ್ತೆಗೆ ಶಾಲೆ ಬಿಟ್ಟ ಆಕೆ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಂಗೀತದ ಗೌರವ ಪ್ರಾಧ್ಯಾಪಕಿಯಾಗಿದ್ದರು. 'ನನ್ನ ಬದುಕಿನ ಹಾಡು' ಎಂಬ ಆತ್ಮಕಥೆ ಕನ್ನಡದಲ್ಲೇ ಬಂದಿದೆ. ಸಂಘಗಳ ವಾಚನಾಲಯದಲ್ಲಿ ಸಿಕ್ಕರೆ ಬಿಡದೆ ಓದಬೇಕಾದ ಪುಸ್ತಕ, ಮುಖ್ಯವಾಗಿ ಮನೆಯ ಹೆಣ್ಣುಮಕ್ಕಳು.

2009ರ ಜುಲೈ 21ರಂದು, ತೊಂಬತ್ತಾರರ ವಯಸ್ಸಿನಲ್ಲಿ, ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಕಣ್ಮುಚ್ಚಿದರು. ಮರುದಿನ ಸರಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು. ಅದಕ್ಕೂ ಮೊದಲು, ಅವರು ಬಯಸಿದ್ದಂತೆ, ಅವರ ಕಣ್ಣುಗಳನ್ನು ದಾನ ಮಾಡಲಾಗಿತ್ತು.