ವಿಂಡೋಸ್ ಅಳಿಸದೆ ಲಿನಕ್ಸ್ ಕಲಿಯಬಹುದೇ?

ಪ್ರಶ್ನೆ: ಮಗಳು ಹೊಳೆನರಸೀಪುರದಿಂದ ದಿನವೂ ಹಾಸನದ ಕಾಲೇಜಿಗೆ ಹೋಗಿಬರುತ್ತಾಳೆ. ಅವಳಿಗೆ ಲಿನಕ್ಸ್ ಕಲಿಯಬೇಕಂತೆ. ಮನೆಯಲ್ಲಿರುವುದು ಒಂದೇ ಲ್ಯಾಪ್‌ಟಾಪ್, ಅದರಲ್ಲಿ ವಿಂಡೋಸ್ ಇದೆ. ಏನು ಮಾಡೋಣ?

ಉತ್ತರ: ವಿಂಡೋಸ್ ಅಳಿಸಬೇಕಾಗಿಲ್ಲ, ಹೊಸ ಯಂತ್ರವೂ ಬೇಡ. ಸ್ವಂತ ಮನೆಯ ಒಂದು ಕೋಣೆಯನ್ನು ಬಾಡಿಗೆಗೆ ಕೊಟ್ಟ ಹಾಗೆ, ಲ್ಯಾಪ್‌ಟಾಪ್‌ನೊಳಗೇ ಇನ್ನೊಂದು ಕಂಪ್ಯೂಟರನ್ನು ಕೂರಿಸಬಹುದು. ಇದೇ ವರ್ಚುವಲ್ ಮಷೀನ್.

ಇದಕ್ಕೆ 2007ರಿಂದ ಉಚಿತವಾಗಿ ಸಿಗುತ್ತಿರುವ ವರ್ಚುವಲ್‌ಬಾಕ್ಸ್ ಸಾಕು. ಅದನ್ನೂ ಉಬುಂಟು ಎಂಬ ಲಿನಕ್ಸ್‌ನ ಐಎಸ್‌ಒ ಕಡತವನ್ನೂ (ಅನುಸ್ಥಾಪನೆಯ ಕಡತ) ಇಳಿಸಿಕೊಳ್ಳಿ. ಕಡತ ಹಲವು ಜಿಬಿ ಇರುವುದರಿಂದ ಮೊಬೈಲ್ ಡೇಟಾಕ್ಕಿಂತ ವೈಫೈ ಒಳ್ಳೆಯದು. ಆಮೇಲೆ ವರ್ಚುವಲ್‌ಬಾಕ್ಸ್‌ನಲ್ಲಿ ಆ ಕಡತದಿಂದ ಹೊಸ ಮಷೀನ್ ಮಾಡಿ. ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ‍್ಯಾಮ್ ಇದ್ದರೆ ಬಾಡಿಗೆದಾರನಿಗೆ, ಅಂದರೆ ವರ್ಚುವಲ್ ಮಷೀನ್‌ಗೆ, 4 ಜಿಬಿ ಕೊಡಿ, ಅದಕ್ಕಿಂತ ಹೆಚ್ಚು ಕೊಟ್ಟರೆ ಮನೆಯೊಡೆಯನಾದ ವಿಂಡೋಸೇ ಏದುಸಿರು ಬಿಡುತ್ತದೆ. ಡಿಸ್ಕ್‌ಗೆ 25 ಜಿಬಿ ಇರಲಿ. ಮಷೀನ್ ಶುರುವಾಗದಿದ್ದರೆ ಬಯೋಸ್‌ನಲ್ಲಿ ವರ್ಚುವಲೈಸೇಶನ್ ಆನ್ ಆಗಿದೆಯೇ ನೋಡಿ. ಎಷ್ಟೋ ಸಲ ತೊಡಕು ಅಲ್ಲಿಯೇ ಇರುತ್ತದೆ.

ಉಬುಂಟು ಎದ್ದ ಮೇಲೆ, ಕನ್ನಡದಲ್ಲಿ ಬರೆಯಲು ಕೀಬೋರ್ಡ್ ಪಟ್ಟಿಗೆ ಕನ್ನಡದ ಕಗಪ ವಿನ್ಯಾಸ ಸೇರಿಸಿ. ಕೆ.ಪಿ. ರಾವ್ ಅವರ ವಿನ್ಯಾಸವೇ ಇದಕ್ಕೆ ಮೂಲ. ಎಚ್, ಶಿಫ್ಟ್ ಹಿಡಿದು ಎ, ಆಮೇಲೆ ಎಸ್, ಎನ್ ಒತ್ತಿದರೆ ಪರದೆಯ ಮೇಲೆ ‘ಹಾಸನ’ ಮೂಡುತ್ತದೆ.

ಪ್ರಯೋಗಕ್ಕೆ ಮೊದಲು ಮಗಳು ವರ್ಚುವಲ್‌ಬಾಕ್ಸ್‌ನಲ್ಲಿ ಮಷೀನ್‌ನ ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟುಕೊಳ್ಳಲಿ. ಏನೇ ಕೆಟ್ಟರೂ ಕ್ಷಣದಲ್ಲಿ ಹಿಂದಿನ ಸ್ಥಿತಿಗೆ ಮರಳಬಹುದು. ಅರಕಲಗೂಡು, ಚನ್ನರಾಯಪಟ್ಟಣದ ಮಕ್ಕಳಿಗೂ ಇದೇ ನನ್ನ ಮಾತು: ಹೆದರದೆ ಕೈಯಾಡಿಸಿ, ಕೆಡಿಸಿಯೇ ಕಲಿಯಿರಿ.