ಮಾತ್ರೆ ತಪ್ಪದಿರಲಿ

ಛಂದಸ್ಸಿನಲ್ಲಿಯೂ ಮಾತ್ರೆಯುಂಟು, ವೈದ್ಯದಲ್ಲಿಯೂ ಮಾತ್ರೆಯುಂಟು. ಎರಡೆಡೆಯಲ್ಲಿಯೂ ಆ ಶಬ್ದದ ಮೂಲಾರ್ಥ ಅಳತೆಯೆಂದೇ. ಭಾಮಿನೀ ಷಟ್ಪದಿಯ ಮೊದಲ ಸಾಲಿನ 14 ಮಾತ್ರೆಗಳ ಮೇಲೆ ಒಂದು ಹೆಚ್ಚಿದರೆ ಕಿವಿ ನೋಯುವುದು, ಅಷ್ಟೆ. ಔಷಧದ ಮಾತ್ರೆ ಹೆಚ್ಚಿದರೆ ಜೀವವೇ ನೋಯುವುದು. ಹಿಂದಿನ ವೈದ್ಯರು ಮದ್ದಿನೊಡನೆ ಅನುಪಾನವನ್ನೂ ಪಥ್ಯವನ್ನೂ ಹೇಳಿ ಕಳುಹುತ್ತಿದ್ದರು. ಇಂದಿನ ಗುಳಿಗೆಯೋ ಹೊಳೆಯುವ ಸ್ಟ್ರಿಪ್ಪಿನಲ್ಲಿ ಮೂಕವಾಗಿ ಬರುತ್ತದೆ. ಅದರ ಬೆನ್ನಿನ ಸಣ್ಣ ಇಂಗ್ಲಿಷ್ ಅಕ್ಷರಗಳು ನಮ್ಮ ಹಳ್ಳಿಗಳ ಹಿರಿಯರಿಗೆ ಏನನ್ನೂ ಹೇಳಲಾರವು.

ಆ ಮೂಕ ಗುಳಿಗೆಗೆ ಮಾತು ಬರುವುದು ದಾದಿಯಿಂದ. ಇದನ್ನು ನಾನು ಕಂಡದ್ದು ಬೈಲಹೊಂಗಲ ತಾಲೂಕಿನ ನೇಸರಗಿಯಲ್ಲಿ, ಪರಿಚಿತರೊಬ್ಬರ ಪಡಸಾಲೆಯಲ್ಲಿ. ಆ ಮನೆಯ ಅಜ್ಜಿಗೆ ಎಪ್ಪತ್ತು ದಾಟಿದೆ. ರಕ್ತದೊತ್ತಡವೂ ಸಕ್ಕರೆ ಕಾಯಿಲೆಯೂ ಬಹುಕಾಲದ ಸಂಗಾತಿಗಳು. ನೋಡಲು ಬಂದ ನರ್ಸಬಾಯಿ, ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ ತೋರಿಸಿರೆಂದರು. ಅಜ್ಜಿ ತಮ್ಮ ಎಲೆ-ಅಡಿಕೆಯ ಸಂಚಿಯನ್ನೇ ಮೊರದಲ್ಲಿ ಸುರುವಿದರು.

“ಅಜ್ಜೀ, ಮುಂಜಾನೆ ಯಾವುದು ತಗೋತೀರಿ?”

“ಇದೊಂದು ಬಿಳಿದು, ಮತ್ತ ಇದೊಂದು ಬಿಳಿದು. ಎರಡೂ ಡಾಕ್ಟರ ಬರದ ಕೊಟ್ಟದ್ದ, ತಂಗೀ.”

ನರ್ಸಬಾಯಿ ಎರಡನ್ನೂ ಬೆಳಕಿಗೆ ಹಿಡಿದು ಓದಿದರು. ಹೆಸರು ಬೇರೆ, ಒಳಗಿನ ಮದ್ದು ಒಂದೇ, ಆಮ್ಲೋಡಿಪಿನ್. ಒಂದು ಸರಕಾರಿ ದವಾಖಾನೆಯದು, ಇನ್ನೊಂದು ಪೇಟೆಯ ಅಂಗಡಿಯದು. ಅಜ್ಜಿಯ ಪಾದ ಬಾತುದನ್ನೂ, ಏಳುವಾಗ ತಲೆ ಸುತ್ತುವುದನ್ನೂ ಮನೆಯವರು ಮುಪ್ಪಿನ ಲೆಕ್ಕಕ್ಕೆ ಬರೆದಿದ್ದರು. ನರ್ಸಬಾಯಿ ವೈದ್ಯರಿಗೆ ಫೋನು ಮಾಡಿ, ಅವರ ಮಾತಿನ ಮೇಲೆ ಒಂದನ್ನು ತೆಗೆದಿಟ್ಟರು. ಉಳಿದವುಗಳ ಮೇಲೆ ಮುಂಜಾನೆಗೆ ಸೂರ್ಯನನ್ನೂ ರಾತ್ರಿಗೆ ಚಂದ್ರನನ್ನೂ ಬರೆದರು.

“ಉಪಾಸ ಹಿಡಿಯೂ ಮೊದಲ ನಮ್ಮನ್ನ ಕೇಳ್ರಿ. ಉಣ್ಣದ ಸಕ್ಕರಿ ಗುಳಿಗಿ ನುಂಗಿದ್ರ ಬೆವತು ಬೀಳ್ತೀರಿ,” ಎಂದರು. ಕೊನೆಗೆ ಎಲ್ಲವನ್ನೂ ಅಜ್ಜಿಯ ಬಾಯಿಂದಲೇ ಹೇಳಿಸಿದರು. ತಪ್ಪಿದ ಒಂದನ್ನು ತಿದ್ದಿ ಮತ್ತೊಮ್ಮೆ ಹೇಳಿಸಿದರು. ಪಾಠ ಹೇಳುವುದನ್ನೇ ವೃತ್ತಿಯಾಗಿಸಿಕೊಂಡ ನಾನು ಇದಕ್ಕಿಂತ ಒಳ್ಳೆಯ ಪಾಠಕ್ರಮವನ್ನು ಕಂಡಿಲ್ಲ.

ಇಂಥ ವಿಚಾರಣೆ ಹೊಸದೇನಲ್ಲ. ಕ್ಷಯರೋಗಿಗಳಿಗೆ ಮನೆಯಲ್ಲಿಯೇ ಕೊಟ್ಟ ಚಿಕಿತ್ಸೆ ಆರೋಗ್ಯಧಾಮದ ಚಿಕಿತ್ಸೆಗೆ ಸಮನಾದ ಫಲ ನೀಡಿತೆಂಬ ಮದ್ರಾಸಿನ ಪ್ರಯೋಗದ ವರದಿ 1959ರಲ್ಲಿ ಪ್ರಕಟವಾಯಿತು. ಅಲ್ಲಿಯೂ ಆರೋಗ್ಯ ಸಂದರ್ಶಕಿಯರು ಮುನ್ಸೂಚನೆಯಿಲ್ಲದೆ ಮನೆಗೆ ಹೋಗಿ, ಉಳಿದ ಗುಳಿಗೆಗಳನ್ನು ಎಣಿಸುತ್ತಿದ್ದರು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಔಷಧದಿಂದಾಗುವ ಹಾನಿಯನ್ನು ತಡೆಯಲು ಹೊರಟಾಗ, ಹಲವು ಮದ್ದುಗಳನ್ನು ಒಟ್ಟಿಗೆ ಸೇವಿಸುವುದನ್ನೂ, ರೋಗಿ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವುದನ್ನೂ ಅಪಾಯದ ಎಡೆಗಳೆಂದು ಗುರುತಿಸಿತು. ಅಜ್ಜಿಯ ಸಂಚಿಯಲ್ಲಿ ಎರಡೂ ಇದ್ದವು!

ಮನೆಬಾಗಿಲಿಗೆ ತಪಾಸಣೆಯನ್ನೂ ಔಷಧವನ್ನೂ ಒಯ್ಯುವ ನಮ್ಮ ರಾಜ್ಯದ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಲ್ಲಿ ಮೊದಲಾಯಿತು. ಅದು ಸ್ತುತ್ಯವಾದದ್ದೇ. ಆದರೆ ಗುಳಿಗೆ ಹೊಸ್ತಿಲು ದಾಟಿದೊಡನೆ ಕೆಲಸ ಮುಗಿಯಿತೆಂದು ತಿಳಿಯಲಾಗದು. ಹಂಚಿದ ಗುಳಿಗೆಯನ್ನು ಎಣಿಸುವುದು ಸುಲಭ. ಕುಳಿತು ಕೇಳಿ ತಿಳಿಹೇಳಿದ ಅರ್ಧ ಗಂಟೆಯನ್ನು ಯಾವ ಲೆಕ್ಕದಲ್ಲಿ ಬರೆಯಬೇಕು? ಮನೆಮನೆ ತಿರುಗುವ ದಾದಿಗೆ ಆ ಅರ್ಧ ಗಂಟೆಯನ್ನು ಒದಗಿಸುವುದು ಆಳುವವರ ಹೊಣೆ. ಆಕೆ ಬಂದಾಗ ಅಂಗಡಿಯ ಗುಳಿಗೆಯನ್ನಾಗಲಿ, ನೆರೆಯವರು ಕೊಟ್ಟ ಬೇರುನಾರನ್ನಾಗಲಿ ಮುಚ್ಚಿಡದೆ ಮುಂದಿಡುವುದು ನಮ್ಮ ಹೊಣೆ.